ಎದೆಯುರಿಯ ಮರೆಯಲ್ಲಿದ್ದ ಕಾಯಿಲೆ

ಅಮೆರಿಕದ ಸಿನ್ಸಿನಾಟಿ ನಗರದ ಮಕ್ಕಳ ಆಸ್ಪತ್ರೆಯಲ್ಲಿ 1982ರಿಂದ 1999ರವರೆಗೆ ಪುಟಾಣಿಗಳ ಅನ್ನನಾಳದಿಂದ ಚಿವುಟಿ ತೆಗೆದ ಚೂರುಗಳು ಗಾಜಿನ ಸ್ಲೈಡುಗಳ ಮೇಲೆ ಹಾಗೇ ಉಳಿದಿದ್ದವು. ಅಕ್ಕಿಕಾಳಿಗಿಂತ ಸಣ್ಣ ಚೂರನ್ನು ಮೇಣದಲ್ಲಿ ಕೂರಿಸಿ, ಕೂದಲೆಳೆಗಿಂತ ತೆಳ್ಳಗೆ ಹೆರೆದು, ಬಣ್ಣ ಉಣಿಸಿ ಗಾಜಿಗೆ ಹಚ್ಚಿದರೆ ಅದು ದಶಕಗಟ್ಟಲೆ ಕೆಡುವುದಿಲ್ಲ. ಮಕ್ಕಳು ಬೆಳೆದರು, ಕಾಲೇಜಿಗೆ ಹೋದರು, ಮದುವೆಯಾದರು. ಗಾಜಿನ ಮೇಲಿನ ಚೂರು ಮಾತ್ರ ಅದೇ ವಯಸ್ಸಿನಲ್ಲಿ ನಿಂತಿತ್ತು. ಮುಂದೊಮ್ಮೆ ಅಲ್ಲಿನ ವೈದ್ಯರು ಅನ್ನನಾಳದ ದೀರ್ಘಕಾಲದ ಉರಿಯೂತವೆಂದು ದಾಖಲಾಗಿದ್ದ 666 ಮಕ್ಕಳ ಸ್ಲೈಡುಗಳನ್ನು ಮತ್ತೆ ಹೊರತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರು. ನೂರಕ್ಕೆ ಸುಮಾರು ಮೂವತ್ತು ಮಕ್ಕಳ ಚೂರಿನಲ್ಲಿ, ಅಲ್ಲಿ ಇರಲೇಬಾರದಾಗಿದ್ದ ಒಂದು ಬಗೆಯ ಕಣ ಗುಂಪುಗಟ್ಟಿ ಕೂತಿತ್ತು.

2010ರಲ್ಲಿ ಪ್ರಕಟವಾದ ಆ ವರದಿ ಹೊಸ ಕಾಯಿಲೆಯನ್ನೇನೂ ಕಂಡುಹಿಡಿಯಲಿಲ್ಲ. ಕಾಯಿಲೆ ಹಳೆಯದೇ, ನೋಡುವ ಕಣ್ಣು ಹೊಸದು ಎಂದು ತೋರಿಸಿತು. ಚೂರು ತೆಗೆದ ವೈದ್ಯರೂ ಅದನ್ನು ನೋಡಿದ ಪ್ಯಾಥಾಲಜಿಸ್ಟರೂ ಆ ಕಣಗಳನ್ನು ಕಾಣದೆ ಇದ್ದಿರಲಿಕ್ಕಿಲ್ಲ. ಕಂಡಿದ್ದನ್ನು 'ಹೊಟ್ಟೆಯ ಹುಳಿ ಮೇಲೇರಿದ್ದರ ಗುರುತು' ಎಂದು ಓದಿಕೊಂಡಿದ್ದರು, ಅಷ್ಟೇ. ಆ ಕಾಲದ ಪಾಠವೂ ಹಾಗೇ ಇತ್ತು.

ಆ ಕಾಯಿಲೆಯ ಹೆಸರು ಇಯೋಸಿನೋಫಿಲಿಕ್ ಈಸೋಫಜೈಟಿಸ್. ವೈದ್ಯರ ಬಾಯಲ್ಲಿ ಮೂರೇ ಅಕ್ಷರ: ಇಒಇ. ಎದೆಯುರಿಗೆ ಕೊಡುವ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿಯೂ ಗುಣ ಕಾಣದವರಲ್ಲಿ ಒಂದಷ್ಟು ಮಂದಿಗೆ ಇರುವುದು ಇದೇ. ಇದು ಬೇರೆ ಕಾಯಿಲೆ ಎಂದು ಗೊತ್ತಾಗಲು ಇಷ್ಟು ಕಾಲ ಏಕೆ ಹಿಡಿಯಿತು ಎಂಬುದರ ಹಿಂದೆ ಒಂದು ಬಣ್ಣದ ಕಾರ್ಖಾನೆ, ಒಬ್ಬ ಕತ್ತಿ ನುಂಗುವವ, ಸ್ವಿಟ್ಜರ್ಲೆಂಡಿನ ಒಂದು ಪುಟ್ಟ ಊರು, ಮತ್ತು ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಮಾತ್ರೆಗಳಲ್ಲಿ ಒಂದು, ಎಲ್ಲವೂ ಇವೆ.

ಮೊದಲು ಬಣ್ಣ. 1874ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಾರ್ಖಾನೆಯ ರಸಾಯನಶಾಸ್ತ್ರಜ್ಞ ಹೈನ್ರಿಕ್ ಕ್ಯಾರೋ ಬಟ್ಟೆಗೆ ಹಾಕುವ ಹೊಳೆಹೊಳೆಯುವ ಗುಲಾಬಿ-ಕೆಂಪು ಬಣ್ಣವೊಂದನ್ನು ತಯಾರಿಸಿದ. ಅದಕ್ಕಿಟ್ಟ ಹೆಸರು ಇಯೋಸಿನ್. ಗ್ರೀಕರಿಗೆ ಇಯೋಸ್ ಎಂದರೆ ಮುಂಜಾವಿನ ದೇವತೆ, ನಮ್ಮ ಉಷೆಯ ದೂರದ ಅಕ್ಕತಂಗಿ. ಕ್ಯಾರೋನ ಬಾಲ್ಯದ ಗೆಳತಿಯೊಬ್ಬಳನ್ನು ಎಲ್ಲರೂ ಇಯೋಸ್ ಎಂದೇ ಕರೆಯುತ್ತಿದ್ದರು, ಹೆಸರು ಬಂದಿದ್ದು ಅವಳಿಂದ ಎಂಬ ಕಥೆಯೂ ಉಂಟು. ಐದು ವರ್ಷ ಕಳೆದ ಮೇಲೆ, 1879ರಲ್ಲಿ, ಬರ್ಲಿನ್ನಿನ ತರುಣ ವೈದ್ಯ ಪಾಲ್ ಎಯರ್‌ಲಿಶ್ ರಕ್ತದ ತೆಳು ಲೇಪಕ್ಕೆ ಈ ಬಣ್ಣ ಹಾಕಿ ನೋಡಿದ. ಬಿಳಿ ರಕ್ತಕಣಗಳಲ್ಲಿ ಒಂದು ಜಾತಿ ಮಾತ್ರ ಇಯೋಸಿನ್ನನ್ನು ದಾಹದಿಂದ ಕುಡಿದು, ಒಳಗೆಲ್ಲ ದಾಳಿಂಬೆ ಕಾಳು ತುಂಬಿದಂತೆ ಕೆಂಪಾಯಿತು. ಇಯೋಸಿನ್ನನ್ನು ಪ್ರೀತಿಸುವ ಕಣ ಎಂಬ ಅರ್ಥದಲ್ಲಿ ಎಯರ್‌ಲಿಶ್ ಅದನ್ನು ಇಯೋಸಿನೋಫಿಲ್ ಎಂದ. ಕಾರ್ಖಾನೆಯ ಬಣ್ಣ ಕಣದ ಹೆಸರಾಯಿತು, ಕಣ ಮುಂದೆ ಕಾಯಿಲೆಯ ಹೆಸರಾಯಿತು.

ಕರ್ನಾಟಕದಲ್ಲಿ ಈ ಕಣದ ಹೆಸರು ಕೇಳದವರು ಕಡಿಮೆ. ಕೆಮ್ಮು ಬಿಡದಿದ್ದಾಗ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದವರು 'ಇಸ್ನೋಫೀಲಿಯಾ ಜಾಸ್ತಿ ಇದೆಯಂತೆ' ಎಂದು ಮನೆಯಲ್ಲಿ ಹೇಳುವುದು ಮೂರು ತಲೆಮಾರಿನ ರೂಢಿ. ಅದರ ಹಿಂದೆಯೂ ಒಂದು ತಪ್ಪು ಗುರುತಿನ ಕಥೆಯಿದೆ. ಕೋಲಾರದ ಗಡಿಗೆ ಹತ್ತಿರದ ಮದನಪಲ್ಲಿಯ ಕ್ಷಯರೋಗ ಆರೋಗ್ಯಧಾಮಕ್ಕೆ ಕ್ಷಯವೆಂದು ಬಂದ ಕೆಲವರಿಗೆ ಕ್ಷಯವೇ ಇರಲಿಲ್ಲ, ರಕ್ತದಲ್ಲಿ ಇಯೋಸಿನೋಫಿಲ್ ಮಾತ್ರ ಮಿತಿಮೀರಿತ್ತು. ಅಲ್ಲಿನ ವೈದ್ಯರಾದ ಫ್ರಿಮೊಟ್-ಮೊಲ್ಲರ್ ಮತ್ತು ಬಾರ್ಟನ್ 1940ರಲ್ಲಿ ಇದನ್ನು ಸುಳ್ಳು ಕ್ಷಯ ಎಂಬರ್ಥದ ಹೆಸರಿಟ್ಟು ಬರೆದರು. 1943ರಲ್ಲಿ ವೈನ್‌ಗಾರ್ಟನ್ ಎಂಬ ವೈದ್ಯ 81 ರೋಗಿಗಳ ವಿವರವನ್ನು ಲ್ಯಾನ್ಸೆಟ್ ಪತ್ರಿಕೆಗೆ ಕೊಟ್ಟು ಟ್ರಾಪಿಕಲ್ ಇಯೋಸಿನೋಫಿಲಿಯಾ ಎಂಬ ಹೆಸರನ್ನು ಊರ್ಜಿತಗೊಳಿಸಿದ. ಆನೆಕಾಲು ರೋಗದ ಹುಳುವೇ ಅದರ ಮೂಲವೆಂದು ತಿಳಿದದ್ದು ಮುಂದೆ. ಇಯೋಸಿನೋಫಿಲ್ ಎಂಬ ಕಣಕ್ಕೆ ಬೇರೆ ಕಾಯಿಲೆಯ ಬಟ್ಟೆ ತೊಟ್ಟು ಬರುವ ಚಾಳಿ ಹಳೆಯದು.

ಎದೆಯ ಕತೆ ಹಾಗಿರಲಿ, ಅನ್ನನಾಳದ ಒಳಗನ್ನು ನೋಡುವುದೇ ದೊಡ್ಡ ಕಷ್ಟವಾಗಿತ್ತು. 1868ರಲ್ಲಿ ಜರ್ಮನಿಯ ಫ್ರೈಬುರ್ಗಿನಲ್ಲಿ ಅಡಾಲ್ಫ್ ಕುಸ್ಮೌಲ್ ಎಂಬ ವೈದ್ಯ ಜಾತ್ರೆಗಳಲ್ಲಿ ಕತ್ತಿ ನುಂಗಿ ಹೊಟ್ಟೆ ಹೊರೆಯುವ ಒಬ್ಬನನ್ನು ಕರೆತಂದ. ತಲೆಯನ್ನು ಹಿಂದಕ್ಕೆ ಚೆಲ್ಲಿ ಬಾಯಿ, ಗಂಟಲು, ಅನ್ನನಾಳವನ್ನು ಒಂದೇ ಗೆರೆಗೆ ತರುವುದು ಅವನಿಗೆ ಕಸುಬು. 47 ಸೆಂಟಿಮೀಟರ್ ಉದ್ದದ, 13 ಮಿಲಿಮೀಟರ್ ದಪ್ಪದ ನೆಟ್ಟಗಿನ ಲೋಹದ ಕೊಳವೆಯನ್ನು ಅವನು ಕತ್ತಿಯಂತೆಯೇ ಇಳಿಸಿಕೊಂಡ. ಕೊಳವೆ ಇಳಿಯಿತು, ಬೆಳಕು ಇಳಿಯಲಿಲ್ಲ. ಆ ಕಾಲದ ದೀಪದಿಂದ ಅಷ್ಟು ಆಳದಲ್ಲಿ ಕಂಡದ್ದು ಅತ್ಯಲ್ಪ. ಬೆಳಕು ನಿಜವಾಗಿ ಬಳುಕಿ ಒಳಹೊಕ್ಕಿದ್ದು ಇನ್ನೂ ತೊಂಬತ್ತು ವರ್ಷ ಕಳೆದ ಬಳಿಕ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸೇರಿ, ಗಾಜಿನ ನೂಲುಗಳ ಕಂತೆಯಲ್ಲಿ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ತೋರಿಸಿದರು. ಅದನ್ನೇ ಹಿಡಿದುಕೊಂಡು ಮಿಷಿಗನ್ ವಿಶ್ವವಿದ್ಯಾಲಯದ ಬೇಸಿಲ್ ಹಿರ್ಶೋವಿಟ್ಸ್ ಬಾಗುವ ಎಂಡೋಸ್ಕೋಪ್ ಮಾಡಿ, 1957ರಲ್ಲಿ ಮೊದಲು ತಾನೇ ನುಂಗಿ ನೋಡಿದ.

ಈ ನಡುವೆ ಅನ್ನನಾಳದ ನೋವಿಗೆಲ್ಲ ಒಬ್ಬನೇ ಅಪರಾಧಿ ಗೊತ್ತಾಗಿದ್ದ: ಹೊಟ್ಟೆಯ ಆಮ್ಲ. ನ್ಯೂಯಾರ್ಕಿನ ಆಶರ್ ವಿಂಕೆಲ್‌ಸ್ಟೈನ್ 1935ರಲ್ಲಿ ಆಮ್ಲದಿಂದಾಗುವ ಅನ್ನನಾಳದ ಉರಿಯೂತವನ್ನು ಹೊಸ ಕಾಯಿಲೆಯೆಂದು ವರ್ಣಿಸಿದ. ಮುಂದಿನ ಎರಡು ದಶಕಗಳಲ್ಲಿ ಬ್ರಿಟನ್ನಿನ ಫಿಲಿಪ್ ಆಲಿಸನ್, ನಾರ್ಮನ್ ಬ್ಯಾರೆಟ್ ಮುಂತಾದ ಶಸ್ತ್ರವೈದ್ಯರು ಆ ವಾದವನ್ನು ಗಟ್ಟಿ ಮಾಡಿದರು. 1974ರಲ್ಲಿ ಲಾರೆನ್ಸ್ ಜಾನ್ಸನ್ ಮತ್ತು ಟಾಮ್ ಡಿಮೀಸ್ಟರ್ ಮೂಗಿನ ಮೂಲಕ ಸಪೂರ ತಂತಿ ಇಳಿಸಿ, ಇಪ್ಪತ್ತನಾಲ್ಕು ಗಂಟೆಯಲ್ಲಿ ಆಮ್ಲ ಎಷ್ಟು ಸಲ ಮೇಲೆ ಬಂತೆಂದು ಎಣಿಸುವ ವಿಧಾನ ಕೊಟ್ಟರು. ಆಮೇಲೆ ಆಮ್ಲ ತಡೆಯುವ ಮಾತ್ರೆಗಳು: 1976ರಲ್ಲಿ ಸಿಮೆಟಿಡಿನ್, 1988ರಲ್ಲಿ ಸ್ವೀಡನ್ನಿನಿಂದ ಒಮೆಪ್ರಜೋಲ್. ಆಮ್ಲವನ್ನು ಅಳೆಯಲೂ ಬಂತು, ನಿಲ್ಲಿಸಲೂ ಬಂತು.

ಇಷ್ಟೆಲ್ಲ ಕೈಯಲ್ಲಿದ್ದ ಮೇಲೆ ಎದೆ ಉರಿಯುತ್ತದೆ, ಹುಳಿ ತೇಗು ಬರುತ್ತದೆ, ಅನ್ನ ಇಳಿಯುವುದಿಲ್ಲ ಎಂದು ಬಂದವರಿಗೆಲ್ಲ ಒಂದೇ ಉತ್ತರ ಸಿದ್ಧವಿತ್ತು. ನಮ್ಮಲ್ಲಿ ಎಲ್ಲದಕ್ಕೂ 'ಗ್ಯಾಸ್ಟ್ರಿಕ್' ಎನ್ನುವಂತೆ ಪಶ್ಚಿಮದಲ್ಲಿ ಎಲ್ಲದಕ್ಕೂ 'ರಿಫ್ಲಕ್ಸ್', ಅಂದರೆ ಹೊಟ್ಟೆಯ ಹುಳಿ ಮೇಲೇರುವುದು.

ಆದರೆ ಉತ್ತರಕ್ಕೆ ಹೊಂದದ ಕೆಲವರು ಆಗಲೇ ಇದ್ದರು. ಅಮೆರಿಕದ ಹೋಟೆಲುಗಳಲ್ಲಿ ದನದ ಮಾಂಸದ ದಪ್ಪ ತುಂಡು ಗಂಟಲಿನ ಕೆಳಗೆ ಸಿಕ್ಕಿಕೊಂಡು, ಎಂಜಲೂ ಇಳಿಯದೆ ಆಸ್ಪತ್ರೆಗೆ ಓಡಿಬರುವವರನ್ನು ಕಂಡು 1963ರಲ್ಲಿ ಇಬ್ಬರು ವೈದ್ಯರು 'ಸ್ಟೀಕ್‌ಹೌಸ್ ಸಿಂಡ್ರೋಮ್' ಎಂದು ಬರೆದಿದ್ದರು. ಬಹುಪಾಲು ಅನ್ನನಾಳದ ಕೆಳತುದಿಯ ಉಂಗುರದಂಥ ಕಿರಿದಾಗುವಿಕೆಯನ್ನು ಅದಕ್ಕೆ ಕಾರಣವೆಂದರು. 1978ರಲ್ಲಿ ಮಧ್ಯವಯಸ್ಕ ರೋಗಿಯೊಬ್ಬನ ಅನ್ನನಾಳದ ಗೋಡೆಯಲ್ಲಿ ಇಯೋಸಿನೋಫಿಲ್‌ಗಳ ದಂಡೇ ಕಂಡು, ಲ್ಯಾಂಡ್ರೆಸ್ ಮತ್ತು ಸಂಗಡಿಗರು 'ಇಯೋಸಿನೋಫಿಲಿಕ್ ಈಸೋಫಜೈಟಿಸ್' ಎಂಬ ಹೆಸರನ್ನೇ ಬಳಸಿದ್ದರು. ಹೆಸರು ಹುಟ್ಟಿತು, ಕಾಯಿಲೆ ಹುಟ್ಟಲಿಲ್ಲ. ಆ ರೋಗಿಗೆ ಅನ್ನನಾಳದ ಸ್ನಾಯು ಸಡಿಲಗೊಳ್ಳದ ಅಕಲೇಸಿಯಾ ಎಂಬ ತೊಂದರೆಯೂ ಇದ್ದುದರಿಂದ ಅದನ್ನೊಂದು ವಿಚಿತ್ರ ಪ್ರಕರಣವೆಂದು ಮಡಿಚಿಟ್ಟರು.

ನಾಲ್ಕು ವರ್ಷದ ನಂತರ ದಾರಿ ಇನ್ನೊಂದು ಕಡೆಗೇ ತಿರುಗಿತು. ಬಾಸ್ಟನ್ನಿನ ಮಕ್ಕಳ ವೈದ್ಯ ಹಾರ್ಲಂಡ್ ವಿಂಟರ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಲೇಖನವೊಂದು, ಅನ್ನನಾಳದ ಒಳಪೊರೆಯಲ್ಲಿ ಇಯೋಸಿನೋಫಿಲ್ ಕಂಡರೆ ಅದು ರಿಫ್ಲಕ್ಸ್‌ನ ಹೊಸ ಗುರುತು ಎಂದಿತು. ಅವರ ಕೆಲಸದಲ್ಲಿ ತಪ್ಪಿರಲಿಲ್ಲ. ರಿಫ್ಲಕ್ಸ್ ಇರುವವರಲ್ಲೂ ಈ ಕಣಗಳು ಅಲ್ಲೊಂದು ಇಲ್ಲೊಂದು ಕಾಣುತ್ತವೆ. ತಪ್ಪಾದದ್ದು ಓದಿದವರಲ್ಲಿ. ಒಂದೆರಡು ಕಣ ಇದ್ದರೂ ರಿಫ್ಲಕ್ಸ್, ಐವತ್ತಿದ್ದರೂ ರಿಫ್ಲಕ್ಸ್ ಎಂಬುದು ಅಭ್ಯಾಸವಾಯಿತು. ಪ್ಯಾಥಾಲಜಿ ವರದಿಗಳಲ್ಲಿ ಆ ಸಾಲು ಅಚ್ಚಿನಂತೆ ಬೀಳತೊಡಗಿತು. ಸಿನ್ಸಿನಾಟಿಯ ಸ್ಲೈಡುಗಳ ಕಾಲವೂ 1982ರಿಂದಲೇ ಶುರುವಾಗುತ್ತದೆಂಬುದು ನೆನಪಿಡಬೇಕಾದ ಮಾತು.

ಒಂದೆರಡಕ್ಕೂ ಐವತ್ತಕ್ಕೂ ವ್ಯತ್ಯಾಸವಿದೆ ಎಂದು ಎಣಿಸಿ ಹೇಳಿದವನು ಸ್ಟೀಫನ್ ಆಟ್‌ವುಡ್. ಅಮೆರಿಕದ ಒಮಾಹಾದಲ್ಲಿ ಡಿಮೀಸ್ಟರ್ ಕೈಕೆಳಗೆ, ಅಂದರೆ ಆಮ್ಲ ಅಳೆಯುವ ವಿಧಾನದ ತವರಿನಲ್ಲೇ, ಅವನ ಕೆಲಸ. ನುಂಗಲು ಕಷ್ಟವೆಂದು ಬಂದ 12 ವಯಸ್ಕರ ಅನ್ನನಾಳದ ಚೂರುಗಳಲ್ಲಿ ಸೂಕ್ಷ್ಮದರ್ಶಕದ ಒಂದೇ ನೋಟಕ್ಕೆ ಇಪ್ಪತ್ತಕ್ಕೂ ಹೆಚ್ಚು ಇಯೋಸಿನೋಫಿಲ್ ಸಿಕ್ಕವು. ತಂತಿ ಇಳಿಸಿ ಅಳೆದರೆ ಬಹುತೇಕ ಎಲ್ಲರ ಆಮ್ಲವೂ ಮಾಮೂಲಿ. ಹೋಲಿಕೆಗೆಂದು ನಿಜವಾಗಿ ರಿಫ್ಲಕ್ಸ್ ಇದ್ದ 90 ಜನರ ಚೂರು ನೋಡಿದರೆ, ಕಣಗಳ ಸರಾಸರಿ ಮೂರರ ಆಸುಪಾಸು. ಆ ಹನ್ನೆರಡು ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅಲರ್ಜಿಯ ಹಿನ್ನೆಲೆಯೂ ಇತ್ತು. 1993ರಲ್ಲಿ ಆಟ್‌ವುಡ್, ಪ್ಯಾಥಾಲಜಿಸ್ಟ್ ಥಾಮಸ್ ಸ್ಮಿರ್ಕ್ ಮತ್ತಿತರರು ಇದು ಪ್ರತ್ಯೇಕ ಕಾಯಿಲೆ ಎಂದು ಬರೆದರು.

ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಓಲ್ಟೆನ್ ಎಂಬ ಊರಿನಲ್ಲಿ, ವಿಶ್ವವಿದ್ಯಾಲಯದ ಗದ್ದಲದಿಂದ ದೂರ, ಅಲೆಕ್ಸ್ ಸ್ಟ್ರೌಮನ್ ಎಂಬ ವೈದ್ಯ ಅದನ್ನೇ ಕಾಣುತ್ತಿದ್ದ. ಊಟದ ನಡುವೆ ತುತ್ತು ಸಿಕ್ಕಿಕೊಳ್ಳುವ ತರುಣರು. ಎಂಡೋಸ್ಕೋಪಿಯಲ್ಲಿ ಮೇಲ್ನೋಟಕ್ಕೆ ಏನೂ ಇಲ್ಲ. ಚೂರು ತೆಗೆದರೆ ಕೆಂಪು ಕಣಗಳ ರಾಶಿ. 1994ರಲ್ಲಿ ಹತ್ತು ರೋಗಿಗಳ ವಿವರವನ್ನು ಬರೆದು, ಇದು 'ಪದೇಪದೇ ಕಣ್ತಪ್ಪಿಸಿಕೊಳ್ಳುವ ಕಾಯಿಲೆ' ಎಂಬ ಮಾತನ್ನು ಶೀರ್ಷಿಕೆಯಲ್ಲೇ ಸೇರಿಸಿದ. ಬರೆದದ್ದು ಜರ್ಮನ್ ಭಾಷೆಯಲ್ಲಿ, ಅಚ್ಚಾದದ್ದು ಸ್ವಿಸ್ ವೈದ್ಯಕೀಯ ವಾರಪತ್ರಿಕೆಯಲ್ಲಿ. ಕಣ್ತಪ್ಪುವ ಕಾಯಿಲೆಯ ಬಗೆಗಿನ ಲೇಖನವೂ ಇಂಗ್ಲಿಷ್ ಓದುವ ಜಗತ್ತಿನ ಕಣ್ತಪ್ಪಿತು. ಸ್ಟ್ರೌಮನ್ ಬಿಡಲಿಲ್ಲ. ಓಲ್ಟೆನ್ ಸೀಮೆಯ ಒಂದು ಲಕ್ಷ ಜನರ ಮೇಲೆ ಹದಿನಾರು ವರ್ಷ ಕಣ್ಣಿಟ್ಟು 23 ರೋಗಿಗಳನ್ನು ಗುರುತಿಸಿ 2005ರಲ್ಲಿ ಬರೆದ. ಅದಕ್ಕೂ ಮುಂಚೆ, 2003ರಲ್ಲಿ, ಮೂವತ್ತು ರೋಗಿಗಳನ್ನು ಹನ್ನೊಂದು ವರ್ಷಗಳವರೆಗೂ ಹಿಂಬಾಲಿಸಿ, ಕಾಯಿಲೆ ತಾನಾಗಿ ಹೋಗುವುದಿಲ್ಲವೆಂದು ಹೇಳಿದ್ದ. ದೊಡ್ಡ ಸಂಸ್ಥೆಯ ಬಲವಿಲ್ಲದೆ ಒಂದೂರಿನ ರೋಗಿಗಳನ್ನೇ ತಾಳ್ಮೆಯಿಂದ ನೋಡುತ್ತ ಕೂತ ಈ ವೈದ್ಯನಿಗೆ ಈ ಇತಿಹಾಸದಲ್ಲಿ ಇನ್ನೂ ದೊಡ್ಡ ಜಾಗ ಸಲ್ಲಬೇಕು.

ಮೂರನೆಯ ಏಟು ಬಾಲ್ಟಿಮೋರಿನಿಂದ ಬಂತು, ಎಲ್ಲಕ್ಕಿಂತ ಜೋರಾಗಿ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಕೆವಿನ್ ಕೆಲಿ ಮತ್ತು ಅಲರ್ಜಿ ತಜ್ಞ ಹ್ಯೂ ಸ್ಯಾಂಪ್ಸನ್ ಅವರ ತಂಡದ ಮುಂದೆ ಹತ್ತು ಮಕ್ಕಳಿದ್ದರು. ವಾಂತಿ, ಹೊಟ್ಟೆನೋವು, ಊಟ ಕಂಡರೆ ಮುಖ ತಿರುಗಿಸುವುದು, ಮೈ ಹತ್ತದಿರುವುದು. ಆಮ್ಲದ ಔಷಧಿಗಳೆಲ್ಲ ಆಗಿದ್ದವು. ಕೆಲವರಿಗೆ ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಸುತ್ತಿ ಹೊಲಿಯುವ ಶಸ್ತ್ರಚಿಕಿತ್ಸೆಯೂ ಆಗಿತ್ತು. ಗುಣ ಮಾತ್ರ ಇಲ್ಲ. ವೈದ್ಯರು ಔಷಧಿ ಕೂಡಿಸಲಿಲ್ಲ, ಊಟ ಕಳೆದರು. ಹಾಲು, ಗೋಧಿ, ಮೊಟ್ಟೆ ಎಲ್ಲವನ್ನೂ ನಿಲ್ಲಿಸಿ, ಪ್ರೋಟೀನನ್ನು ಅಮೈನೋ ಆಮ್ಲಗಳ ಮಟ್ಟಕ್ಕೆ ಒಡೆದು ತಯಾರಿಸಿದ ದ್ರವವನ್ನಷ್ಟೇ ಆರು ವಾರವಾದರೂ ಕುಡಿಸಿದರು. ಬಾಯಿಗೆ ಹಿತವಲ್ಲದ, ಮೂಗಿಗೆ ಇನ್ನೂ ಹಿತವಲ್ಲದ ಪೇಯ ಅದು. ಸುಮಾರು ಮೂರನೇ ವಾರಕ್ಕೆ ಮಕ್ಕಳು ಚೇತರಿಸಿಕೊಂಡರು: ಎಂಟು ಮಕ್ಕಳಿಗೆ ಪೂರ್ತಿ ಗುಣ, ಇಬ್ಬರಿಗೆ ಬಹುಮಟ್ಟಿಗೆ. ಸೂಕ್ಷ್ಮದರ್ಶಕದ ಒಂದು ನೋಟಕ್ಕೆ 41ರ ಮಟ್ಟದಲ್ಲಿದ್ದ ಇಯೋಸಿನೋಫಿಲ್ ಲೆಕ್ಕ ಒಂದಕ್ಕಿಂತ ಕೆಳಗಿಳಿಯಿತು. ಹಳೆಯ ಊಟ ಮತ್ತೆ ಕೊಟ್ಟಾಗ ತೊಂದರೆ ಮರಳಿ ಬಂತು. 1995ರ ಆ ಲೇಖನದ ನಂತರ ವಾದಕ್ಕೆ ಜಾಗ ಉಳಿಯಲಿಲ್ಲ. ಕಾರಣ ಇದ್ದದ್ದು ಕೆಳಗಿನಿಂದ ಮೇಲೇರುವ ಹುಳಿಯಲ್ಲಲ್ಲ, ಮೇಲಿನಿಂದ ಕೆಳಗಿಳಿಯುವ ತುತ್ತಿನಲ್ಲಿ.

ಒಳಗಿನ ವ್ಯಾಪಾರ ಸ್ಪಷ್ಟವಾಗಲು ಮತ್ತೆ ಹತ್ತು ವರ್ಷ ಬೇಕಾಯಿತು. ಇಯೋಸಿನೋಫಿಲ್‌ಗಳು ಜಠರದಲ್ಲೂ ಕರುಳಿನಲ್ಲೂ ಕಾಯಂ ವಾಸಿಗಳು. ಆರೋಗ್ಯವಂತ ಅನ್ನನಾಳದ ಒಳಪೊರೆಯಲ್ಲಿ ಮಾತ್ರ ಅವಕ್ಕೆ ಮನೆಯಿಲ್ಲ. ಅಲರ್ಜಿಯ ಒಲವಿರುವ ಕೆಲವರಲ್ಲಿ ಹಾಲಿನದೋ ಗೋಧಿಯದೋ ಪ್ರೋಟೀನು ಒಳಪೊರೆಯನ್ನು ಕೆಣಕಿದಾಗ, ಆ ಪೊರೆಯ ಕೋಶಗಳೇ ಇಯೋಟಾಕ್ಸಿನ್-3 ಎಂಬ ವಸ್ತುವನ್ನು ಸುರಿಸಿ ಇವನ್ನು ಕರೆಯುತ್ತವೆ. ಸಿನ್ಸಿನಾಟಿಯ ಮಾರ್ಕ್ ರೋಥೆನ್‌ಬರ್ಗ್ ತಂಡ 2006ರಲ್ಲಿ ತೋರಿಸಿದಂತೆ, ರೋಗಿಗಳ ಅನ್ನನಾಳದಲ್ಲಿ ಎಲ್ಲಕ್ಕಿಂತ ಜೋರಾಗಿ ಕೆಲಸ ಮಾಡುತ್ತಿದ್ದ ಜೀನ್ ಅದರದೇ. ಬಂದ ಕಣಗಳು ತಮ್ಮೊಳಗಿನ ಕೆಂಪು ಕಾಳುಗಳನ್ನು ಒಡೆದು ಚೆಲ್ಲುತ್ತವೆ. ಹುಳುಗಳನ್ನು ಕೊಲ್ಲಲೆಂದು ಇರುವ ಆ ವಿಷ ಇಲ್ಲಿ ಸ್ವಂತ ಗೋಡೆಯನ್ನೇ ಸುಡುತ್ತದೆ.

ವರ್ಷಗಟ್ಟಲೆ ಹೀಗೆ ನಡೆದರೆ ಗೋಡೆ ಗಡುಸಾಗುತ್ತದೆ. ಎಂಡೋಸ್ಕೋಪಿನ ಪರದೆಯಲ್ಲಿ ಆಗ ಕಾಣುವುದು ನಯವಾದ ನಸುಗೆಂಪು ಕೊಳವೆಯಲ್ಲ: ಒಂದರ ಕೆಳಗೊಂದು ಬಳೆ ಜೋಡಿಸಿಟ್ಟಂತೆ ಉಂಗುರಗಳು, ಉದ್ದಕ್ಕೆ ನೇಗಿಲ ಸಾಲಿನಂಥ ಗೆರೆಗಳು, ಅಲ್ಲಲ್ಲಿ ಹಿಟ್ಟು ಚೆಲ್ಲಿದಂಥ ಬಿಳಿ ಚುಕ್ಕೆ. ಬೆಕ್ಕಿನ ಅನ್ನನಾಳ ಹುಟ್ಟಾ ಹೀಗೇ ಉಂಗುರುಂಗುರವಾಗಿರುವುದರಿಂದ ವೈದ್ಯರು ಇದನ್ನು 'ಬೆಕ್ಕಿನ ಅನ್ನನಾಳ' ಎಂದರು. ಆರಂಭದಲ್ಲಿ ಇದ್ಯಾವುದೂ ಇರದೆಯೂ ಇರಬಹುದು. ಕಣ್ಣಿಗೆ ಚೆನ್ನಾಗಿಯೇ ಕಂಡ ಅನ್ನನಾಳದಿಂದಲೂ ಚೂರು ತೆಗೆಯಬೇಕೆಂಬ ಪಾಠವನ್ನು ವೈದ್ಯರು ಈ ಕಾಯಿಲೆಯಿಂದಲೇ ಕಲಿತರು.

ರೋಗಿಗಳು ಕೂಡ ತಮ್ಮ ಕಾಯಿಲೆಯನ್ನು ಚೆನ್ನಾಗಿಯೇ ಮುಚ್ಚಿಡುತ್ತಾರೆ, ತಮಗೇ ತಿಳಿಯದಂತೆ. ತುತ್ತನ್ನು ಚಿಕ್ಕದು ಮಾಡುವುದು, ಪಕ್ಕದವರು ಎದ್ದು ಕೈ ತೊಳೆದರೂ ಅಗಿಯುತ್ತಲೇ ಇರುವುದು, ಪ್ರತಿ ತುತ್ತಿಗೂ ಒಂದು ಗುಟುಕು ನೀರು, ಗಟ್ಟಿ ಪದಾರ್ಥವನ್ನು ಸಾರಿನಲ್ಲಿ ಅದ್ದಿ ಅದ್ದಿ ಮೆತ್ತಗೆ ಮಾಡಿಕೊಳ್ಳುವುದು. 'ನುಂಗಲು ಕಷ್ಟವೇ?' ಎಂದು ವೈದ್ಯರು ಕೇಳಿದರೆ 'ಇಲ್ಲ' ಎನ್ನುತ್ತಾರೆ, ಸುಳ್ಳೇನಲ್ಲ. 'ಊಟಕ್ಕೆ ಎಷ್ಟು ಹೊತ್ತು ಬೇಕು?' ಎಂದು ಕೇಳಿದರೆ ನಿಜ ಹೊರಬೀಳುತ್ತದೆ. ಅಗಿಯದೆ ರಾಗಿಮುದ್ದೆ ನುಂಗುವ ಮಂಡ್ಯ, ಹಾಸನ, ತುಮಕೂರಿನ ಕಡೆ ಇಂಥವರು ಪಂಕ್ತಿಯಲ್ಲಿ ಹೆಚ್ಚು ದಿನ ಅಡಗಿರಲಾರರು. ಬಸ್ಸಾರಿನಲ್ಲಿ ಹೊರಳಿಸಿದ ಮುದ್ದೆಯ ತುತ್ತು ಎದೆಯ ನಡುವೆ ನಿಂತರೆ ನೀರು ಕುಡಿದು ನೂಕಲೂ ಆಗುವುದಿಲ್ಲ.

ಹೊಸ ಕಾಯಿಲೆಗೆ ಒಂದು ಗಡಿಗೆರೆ ಬೇಕಾಗಿತ್ತು. ಎಷ್ಟು ಕಣ ಇದ್ದರೆ ಕಾಯಿಲೆ? ಒಬ್ಬರು ಐದೆಂದರು, ಇನ್ನೊಬ್ಬರು ಮೂವತ್ತೆಂದರು. ಉತ್ತರ ಕೆರೊಲಿನಾದ ಇವಾನ್ ಡೆಲ್ಲನ್ 2007ರಲ್ಲಿ ಮುನ್ನೂರಕ್ಕೂ ಹೆಚ್ಚು ಲೇಖನಗಳನ್ನು ಜಾಲಾಡಿ ಹತ್ತು ಬಗೆಯ ವ್ಯಾಖ್ಯೆಗಳನ್ನು ಪಟ್ಟಿ ಮಾಡಿದ. ತಮಾಷೆಯೆಂದರೆ, ಎಲ್ಲರೂ 'ಸೂಕ್ಷ್ಮದರ್ಶಕದ ಒಂದು ನೋಟಕ್ಕೆ ಇಷ್ಟು' ಎಂದು ಎಣಿಸುತ್ತಿದ್ದರು, ಆದರೆ ಒಂದು ನೋಟದ ವಿಸ್ತೀರ್ಣ ಒಂದು ಸೂಕ್ಷ್ಮದರ್ಶಕದಿಂದ ಇನ್ನೊಂದಕ್ಕೆ ಬೇರೆ. ಲೇಖನಗಳಲ್ಲಿ ಆ ಅಂತರ ಹಲವು ಪಟ್ಟು ಇತ್ತು. ಸೇರಿನ ಅಳತೆ ಊರೂರಿಗೆ ಬೇರೆಯಿದ್ದ ಕಾಲದಲ್ಲಿ ಭತ್ತದ ಇಳುವರಿ ಹೋಲಿಸಿದ ಹಾಗೆ. ಅದೇ ವರ್ಷ ತಜ್ಞರು ಕೂತು 15 ಎಂಬ ಗೆರೆ ಎಳೆದರು. ಅದರ ಜೊತೆಗೆ ಇನ್ನೊಂದು ಷರತ್ತನ್ನೂ ಹಾಕಿದರು, ಮುಂದಿನ ಹತ್ತು ವರ್ಷದ ಜಗಳ ಹುಟ್ಟಿದ್ದು ಅಲ್ಲಿ.

ಷರತ್ತು ಇದು: ರೋಗಿಗೆ ಮೊದಲು ಒಮೆಪ್ರಜೋಲ್ ಜಾತಿಯ ಮಾತ್ರೆಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ನೋಡಬೇಕು. ಗುಣವಾದರೆ ಅದು ರಿಫ್ಲಕ್ಸ್, ಆಗದಿದ್ದರೆ ಇಒಇ. ಕೇಳಲು ಅಚ್ಚುಕಟ್ಟು. ಆಮ್ಲದ ಮಾತ್ರೆ ಆಮ್ಲವನ್ನಲ್ಲದೆ ಬೇರೇನನ್ನು ತಾನೇ ಗುಣಪಡಿಸೀತು? ಆದರೆ 2011ರಲ್ಲಿ ಸ್ಪೇನಿನ ಕಾಸೆರೆಸ್‌ನಿಂದ ಹಾವಿಯೆರ್ ಮೊಲಿನಾ-ಇನ್ಫಾಂತೆ ತಂಡ ಬೇರೆಯದೇ ಸುದ್ದಿ ಕೊಟ್ಟಿತು. ಅನ್ನನಾಳದಲ್ಲಿ ಇಯೋಸಿನೋಫಿಲ್ ತುಂಬಿದ್ದ 35 ವಯಸ್ಕರಲ್ಲಿ ಮುಕ್ಕಾಲು ಪಾಲು ಮಂದಿಗೆ ಆ ಮಾತ್ರೆಯಿಂದಲೇ ಕಣಗಳು ಕಾಣೆಯಾದವು. ಎಲ್ಲ ಲಕ್ಷಣಗಳಲ್ಲೂ ಥೇಟ್ ಇಒಇ ರೋಗಿಗಳಂತೆ ಇದ್ದವರಲ್ಲೂ ಅರ್ಧದಷ್ಟು ಜನ ಗುಣ ಕಂಡರು. ಇವರನ್ನು ಎಲ್ಲಿ ಕೂರಿಸುವುದು? ವೈದ್ಯರು ಇವರಿಗೆಂದೇ ಮೂರನೆಯದೊಂದು ಜಗಲಿ ಕಟ್ಟಿ, ಆರು ಶಬ್ದದ ಉದ್ದ ಹೆಸರೊಂದನ್ನು ಇಟ್ಟರು. ರೋಗಿಗೆ ಅದರಿಂದ ಸಿಕ್ಕಿದ್ದು ಗೊಂದಲ ಮಾತ್ರ.

ಜಗಲಿ ಕೆಡವಿದ್ದು ಪ್ರಯೋಗಾಲಯ. ಡಲ್ಲಾಸಿನ ರೊಂಡಾ ಸೌಜಾ, ಸ್ಟುವರ್ಟ್ ಸ್ಪೆಕ್ಲರ್ ಮತ್ತು ಸಂಗಡಿಗರು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಅನ್ನನಾಳದ ಕೋಶಗಳಿಗೆ ಒಮೆಪ್ರಜೋಲ್ ಹಾಕಿದರು. ತಟ್ಟೆಯಲ್ಲಿ ಆಮ್ಲವಿಲ್ಲ, ಹೊಟ್ಟೆಯೂ ಇಲ್ಲ. ಆದರೂ ಇಯೋಟಾಕ್ಸಿನ್-3 ಸುರಿಯುವುದು ಕಡಿಮೆಯಾಯಿತು. ಅಂದರೆ ಆ ಮಾತ್ರೆಗೆ ಯಾರೂ ಹೇಳಿರದ ಎರಡನೇ ಕೆಲಸವೊಂದು ಮೊದಲಿನಿಂದಲೇ ಗೊತ್ತಿತ್ತು. ಮಾತ್ರೆಗೆ ಬಗ್ಗುವವರ ಮತ್ತು ಬಗ್ಗದವರ ಅನ್ನನಾಳದ ಜೀನ್‌ಗಳ ನಡಾವಳಿಯೂ ಹೆಚ್ಚುಕಡಿಮೆ ಒಂದೇ ಎಂದು ರೋಥೆನ್‌ಬರ್ಗ್ ತಂಡ ತೋರಿಸಿತು. 2017ರಲ್ಲಿ ಯುರೋಪಿನ ತಜ್ಞರು, 2018ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಭೆ ಷರತ್ತನ್ನು ತೆಗೆದುಹಾಕಿದರು. ಅಂದಿನಿಂದ ಒಮೆಪ್ರಜೋಲ್ ಜಾತಿಯ ಮಾತ್ರೆಗಳು ಇಒಇ ಪತ್ತೆಯ ಪರೀಕ್ಷೆಯ ಪಟ್ಟಿಯಿಂದ ಚಿಕಿತ್ಸೆಯ ಪಟ್ಟಿಗೆ ಬಡ್ತಿ ಪಡೆದವು. ಒಬ್ಬನಿಗೇ ರಿಫ್ಲಕ್ಸೂ ಇಒಇಯೂ ಒಟ್ಟಿಗೆ ಇರಬಹುದು, ಒಂದು ಇನ್ನೊಂದನ್ನು ಕೆದಕಲೂಬಹುದು ಎಂಬುದನ್ನು ಸ್ಪೆಕ್ಲರ್ 2007ರಲ್ಲೇ ಹೇಳಿದ್ದ. ಆಗ ಕೇಳಿಸಿಕೊಂಡವರು ಕಡಿಮೆ.

ಬೇರೆ ಚಿಕಿತ್ಸೆಗಳ ಹುಟ್ಟಿನಲ್ಲಿ ಅಡುಗೆಮನೆಯ ಜಾಣ್ಮೆಯಿದೆ. 1998ರಲ್ಲಿ ಮೇಯೊ ಕ್ಲಿನಿಕ್ಕಿನ ವೈದ್ಯರು ಉಬ್ಬಸದ ಮಕ್ಕಳು ಎಳೆದುಕೊಳ್ಳುವ ಸ್ಟೆರಾಯ್ಡ್ ಪಂಪನ್ನೇ ಇಒಇ ಮಕ್ಕಳ ಕೈಗಿಟ್ಟು, 'ಉಸಿರು ಎಳೆಯಬೇಡಿ, ಬಾಯಿಗೆ ಹೊಡೆದು ನುಂಗಿ' ಎಂದರು. ಪಂಪ್ ಹಿಡಿಯಲಾರದ ಚಿಕ್ಕ ಮಕ್ಕಳಿಗೆ ಸ್ಯಾನ್ ಡಿಯಾಗೋದ ಸೀಮಾ ಅಸೆವೆಸ್ ತಂಡ ಬುಡೆಸೊನೈಡ್ ಎಂಬ ಸ್ಟೆರಾಯ್ಡಿನ ದ್ರವವನ್ನು ಕೃತಕ ಸಕ್ಕರೆಯ ಪುಡಿಯಲ್ಲಿ ಕದಡಿ ಪಾಯಸದಂತೆ ಗಟ್ಟಿ ಮಾಡಿ ಕೊಟ್ಟಿತು. ಜಾರಿ ಇಳಿಯುವ ಮುನ್ನ ಗೋಡೆಗೆ ಅಂಟಲಿ ಎಂದು. ಕಂಪನಿಗಳು ಅದನ್ನೇ ಅಚ್ಚುಕಟ್ಟಾಗಿ ತಯಾರಿಸಿ ಮಾರಲು ಎರಡು ದಶಕ ಹಿಡಿಯಿತು. ಬಾಯಲ್ಲಿ ಕರಗುವ ಬುಡೆಸೊನೈಡ್ ಮಾತ್ರೆಗೆ ಯುರೋಪಿನಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ಇಒಇಗೆಂದೇ ಒಪ್ಪಿಗೆ ಪಡೆದ ಮೊದಲ ಔಷಧಿ ಡುಪಿಲುಮಾಬ್ ಚುಚ್ಚುಮದ್ದು, ಅದೂ 2022ರ ಮೇ ತಿಂಗಳಲ್ಲಿ.

ಪಥ್ಯದ ದಾರಿಯೂ ಜೊತೆಗೇ ನಡೆಯಿತು. ಮಕ್ಕಳನ್ನು ವರ್ಷಗಟ್ಟಲೆ ಅಮೈನೋ ಆಮ್ಲದ ನೀರಿನ ಮೇಲೆ ಇಡಲಾದೀತೇ? 2006ರಲ್ಲಿ ಶಿಕಾಗೋದ ಅಮೀರ್ ಕಗಲ್‌ವಾಲಾ ತಂಡ ಆರು ಬಗೆಯ ಆಹಾರ ಮಾತ್ರ ಬಿಡಿಸಿತು: ಹಾಲು, ಗೋಧಿ, ಮೊಟ್ಟೆ, ಸೋಯಾ, ನೆಲಗಡಲೆ ಮತ್ತಿತರ ಬೀಜಗಳು, ಮೀನು-ಸಿಗಡಿ. ಮುಕ್ಕಾಲು ಪಾಲು ಮಕ್ಕಳು ಚೇತರಿಸಿಕೊಂಡರು. ಆಮೇಲೆ ಆರು ನಾಲ್ಕಾಯಿತು, ಎರಡಾಯಿತು. 2023ರಲ್ಲಿ ಅಮೆರಿಕದ ಹತ್ತು ಕೇಂದ್ರಗಳಲ್ಲಿ 129 ವಯಸ್ಕರ ಮೇಲೆ ನಡೆದ ಅಧ್ಯಯನದಲ್ಲಿ ಆರನ್ನೂ ಬಿಟ್ಟವರಲ್ಲಿ ಶೇಕಡ 40, ಹಾಲೊಂದನ್ನೇ ಬಿಟ್ಟವರಲ್ಲಿ ಶೇಕಡ 34 ಮಂದಿಯ ಅನ್ನನಾಳ ಶುದ್ಧವಾಯಿತು. ಲೆಕ್ಕದ ಪ್ರಕಾರ ಇದು ವ್ಯತ್ಯಾಸವೇ ಅಲ್ಲ. ಹಾಲೊಂದೇ ಎನ್ನುವುದು ಹೇಳಲು ಸುಲಭ. ಬೆಳಗಿನ ಫಿಲ್ಟರ್ ಕಾಫಿ, ಮಧ್ಯಾಹ್ನದ ಮಜ್ಜಿಗೆ, ಊಟದ ಕೊನೆಯ ಮೊಸರನ್ನ, ಮದುವೆಮನೆಯ ಪಾಯಸ ಎಲ್ಲ ಬಿಟ್ಟ ಮೇಲೆ ಕನ್ನಡದ ಮನೆಯೊಂದರಲ್ಲಿ ಊಟ ಮುಗಿಸುವುದಾದರೂ ಹೇಗೆ ಎಂಬುದು ಆ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಇದು ಪಶ್ಚಿಮದ ಕಾಯಿಲೆ ಎಂಬ ಮಾತು ಭಾರತದಲ್ಲಿ ಬಹುಕಾಲ ಚಾಲ್ತಿಯಲ್ಲಿತ್ತು. ಹುಡುಕದೆ ಹೇಳಿದ ಮಾತದು. ದೆಹಲಿಯ ಏಮ್ಸ್ ವೈದ್ಯರು ರಿಫ್ಲಕ್ಸ್ ಲಕ್ಷಣಗಳೊಂದಿಗೆ ಬಂದ ಸುಮಾರು ಇನ್ನೂರು ರೋಗಿಗಳ ಅನ್ನನಾಳದಿಂದ ಚೂರು ತೆಗೆದು ನೋಡಿ 2017ರಲ್ಲಿ ಪ್ರಕಟಿಸಿದಾಗ ನೂರಕ್ಕೆ ಮೂವರಷ್ಟು ಮಂದಿಯಲ್ಲಿ ಇಒಇ ಕಂಡಿತು. ಸಣ್ಣ ಪ್ರಮಾಣವೇ. ಆದರೆ ನಮ್ಮಲ್ಲಿ ಎದೆಯುರಿಯೆಂದು ವೈದ್ಯರ ಬಾಗಿಲಿಗೆ ಬರುವವರ ಸಂಖ್ಯೆಯನ್ನು ಎದುರಿಗಿಟ್ಟು ನೋಡಿದರೆ ಸಣ್ಣದೆನಿಸುವುದಿಲ್ಲ.

ಮತ್ತೆ ಇಲ್ಲೊಂದು ತೊಡಕಿದೆ, ಅದು ಒಮೆಪ್ರಜೋಲ್ ಜಾತಿಯ ಮಾತ್ರೆಗಳದೇ. ಬೆಂಗಳೂರಿನಲ್ಲಾಗಲಿ ಬೀದರಿನಲ್ಲಾಗಲಿ ಎಂಡೋಸ್ಕೋಪಿಯ ಮೇಜಿನ ಮೇಲೆ ಮಲಗುವ ಹೊತ್ತಿಗೆ ರೋಗಿ ಮೆಡಿಕಲ್ ಶಾಪಿನಿಂದ ತಂದ, ಅದೇ ಜಾತಿಯ ಪ್ಯಾಂಟೊಪ್ರಜೋಲನ್ನು ಖಾಲಿ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ನುಂಗಿರುತ್ತಾನೆ. ಆ ಮಾತ್ರೆ ಅರೆಬರೆ ಕೆಲಸ ಮಾಡಿ, ತುತ್ತು ಸಿಕ್ಕಿಕೊಳ್ಳುವುದನ್ನು ಹಾಗೇ ಉಳಿಸಿ, ಕಣಗಳ ಲೆಕ್ಕವನ್ನು ಮಾತ್ರ ಹದಿನೈದರ ಕೆಳಗೆ ಇಳಿಸಿಬಿಡಬಹುದು. ಹಾಗಾಗಿಯೇ ಬ್ರಿಟನ್ನಿನ ವೈದ್ಯರ ಮಾರ್ಗಸೂಚಿ, ಇಒಇ ಅನುಮಾನವಿದ್ದರೆ ಎಂಡೋಸ್ಕೋಪಿಗೆ ಕನಿಷ್ಠ ಮೂರು ವಾರ ಮುಂಚೆ ಆ ಮಾತ್ರೆಗಳನ್ನು ನಿಲ್ಲಿಸಿ, ಅನ್ನನಾಳದ ಬೇರೆಬೇರೆ ಜಾಗಗಳಿಂದ ಆರು ಚೂರಾದರೂ ತೆಗೆಯಿರಿ ಎನ್ನುತ್ತದೆ. ಕಣಗಳು ಗೋಡೆಯುದ್ದಕ್ಕೂ ಸಮನಾಗಿ ಹರಡಿರುವುದಿಲ್ಲ; ಇಲ್ಲಿ ನಲವತ್ತು, ಎರಡು ಬೆರಳು ಕೆಳಗೆ ಸೊನ್ನೆ. ಕಾಯಿಲೆ ಕಣ್ತಪ್ಪಿದರೆ ಏನಾಗುತ್ತದೆ ಎಂಬುದೂ ಗೊತ್ತಿದೆ: ಸಿನ್ಸಿನಾಟಿಯ ವೈದ್ಯರು ಹಳೆಯ ಸ್ಲೈಡುಗಳ ಜೊತೆ ಆ ಮಕ್ಕಳನ್ನೂ ಮತ್ತೆ ಹುಡುಕಿ ವಿಚಾರಿಸಿದ್ದರು. ಹದಿನೈದು ವರ್ಷದಷ್ಟು ಹಿಂದೆ ಯಾರ ಚೂರಿನಲ್ಲಿ ಕೆಂಪು ಕಣಗಳಿದ್ದವೋ ಅವರಲ್ಲೇ ನುಂಗುವ ತೊಂದರೆ ಹೆಚ್ಚಾಗಿ ಉಳಿದಿತ್ತು. ಅವರಲ್ಲಿ ಹಲವರು ಅಷ್ಟೂ ವರ್ಷ ತುತ್ತು ಚಿಕ್ಕದು ಮಾಡಿಕೊಂಡು, ನೀರಿನ ಲೋಟ ಪಕ್ಕಕ್ಕಿಟ್ಟುಕೊಂಡು ಉಣ್ಣುತ್ತಿದ್ದಿರಬೇಕು.